ಇನ್ನಾಸಪ್ಪನ ಜೀಪು ದೇವರ ಪಾಲಾದ ಬಗೆ

ಕೊಡುವುದರಲ್ಲಿ ಮೂರು ಬಗೆಯೆಂದು ಹಿರಿಯರು ವಿಂಗಡಿಸಿದ್ದಾರೆ. ಫಲವನ್ನು ಬಯಸದೆ ಕೊಡುವುದು ಉತ್ತಮ, ಹೆಸರನ್ನು ಬಯಸಿ ಕೊಡುವುದು ಮಧ್ಯಮ, ನೆರೆಯವರ ಕಣ್ಣಿಗೆ ಅಂಜಿ ಕೊಡುವುದು ಅಧಮ. ಕೊಟ್ಟದ್ದು ಕೊಟ್ಟವನಿಗೇ ತಿಳಿಯದೆ ಹೋಗುವ ನಾಲ್ಕನೆಯ ಬಗೆಯೊಂದುಂಟೆಂಬುದು ಅವರ ಗಮನಕ್ಕೆ ಬಾರದೆ ಹೋಯಿತು. ಅದಕ್ಕೆ ಅವರನ್ನು ದೂರಲಾಗದು. ಅವರಲ್ಲಿ ಯಾರೂ ತಿತಿಮತಿಯ ಆಚೆಗಿರುವ ನಮ್ಮ ಸಂತ ಸೆಬಾಸ್ತಿಯನ್ನರ ದೇವಾಲಯಕ್ಕೆ ಬಂದವರಲ್ಲ. ಬಂದಿದ್ದರೂ ಇನ್ನಾಸಪ್ಪನ ಪಕ್ಕದಲ್ಲಿ ಕುಳಿತವರಲ್ಲ.

ಇನ್ನಾಸಪ್ಪನಿಗೆ ಒಂದು ಜೀಪು ಇತ್ತು. ಜೀಪಿಗೆ ಒಬ್ಬ ಇನ್ನಾಸಪ್ಪನಿದ್ದನೆಂದರೂ ಸಲ್ಲುತ್ತದೆ. ಏಕೆಂದರೆ ಅವನೊಬ್ಬನನ್ನು ಬಿಟ್ಟರೆ ಅದು ಇನ್ನಾರ ಮಾತನ್ನೂ ಕೇಳುತ್ತಿರಲಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಲೈನುಮನೆಗಳ ಸಾಲಿನಲ್ಲಿ ವಾಸಿಸುವ ಕೆಲಸದವರನ್ನು ಬೆಳಗ್ಗೆ ತೋಟಕ್ಕೆ ಮುಟ್ಟಿಸಿ ಸಂಜೆ ಮರಳಿ ತರುವುದು ಅವರಿಬ್ಬರ ಜೀವನೋಪಾಯ. ಅದರಿಂದಲೇ ಅವನ ಮನೆಯ ಒಲೆ ಉರಿಯುತ್ತಿತ್ತು. ಜನವರಿಯಲ್ಲಿ ಸಂತರ ಹಬ್ಬ ಬಂದಾಗ ಮಾತ್ರ ಆ ಜೀಪು ಕೂಲಿಯಿಲ್ಲದೆ ದುಡಿಯುತ್ತಿತ್ತು. ದೂರದ ತೋಟಗಳವರು ಹೊರೆಕಾಣಿಕೆಯ ನೇಂದ್ರ ಬಾಳೆಗೊನೆ, ಕರಿಮೆಣಸು, ಜೇನು, ಕೋಳಿಗಳನ್ನು ತಂದು ದೇವಾಲಯದ ದಿಣ್ಣೆಯ ಬುಡದಲ್ಲಿರುವ ಇನ್ನಾಸಪ್ಪನ ಜಗಲಿಯಲ್ಲಿ ಇಟ್ಟು ಹೋಗುವುದು, ಅವನು ಅವನ್ನೆಲ್ಲ ಜೀಪಿನಲ್ಲಿ ಮೇಲಕ್ಕೆ ಸಾಗಿಸುವುದು, ಹಬ್ಬದ ಪೂಜೆಯ ಬಳಿಕ ಅವು ಹರಾಜಾಗುವುದು, ಇದು ಅವನ ತಂದೆಯ ಎತ್ತಿನಗಾಡಿಯ ಕಾಲದಿಂದ ಬಂದ ರೂಢಿ. ಈ ಕಾರಣದಿಂದ ಊರವರು ಅವನನ್ನು ಹೊರೆಕಾಣಿಕೆ ಇನ್ನಾಸಪ್ಪನೆಂದು ಕರೆಯುತ್ತಿದ್ದರು. ಜ್ಞಾನಸ್ನಾನದಲ್ಲಿ ಇಟ್ಟ ಹೆಸರಿಗಿಂತ ಈ ಹೆಸರೇ ಅವನಿಗೆ ಹೆಚ್ಚು ಹಿತವಾಗಿತ್ತು.

ಹಬ್ಬಕ್ಕೆ ಮುಂಚಿನ ಭಾನುವಾರ ಹೊಸದಾಗಿ ಬಂದಿದ್ದ ಫಾದರ್ ಲೂರ್ದು ಪ್ರಸಾದರು ಸಂತೋಷದ ದಾನವನ್ನು ಕುರಿತು ಪ್ರಬೋಧನೆ ಮಾಡಿದರು. ಮುಖ ಗಂಟಿಕ್ಕಿ ಕೊಟ್ಟ ಆನೆಗಿಂತ ನಗುತ್ತ ಕೊಟ್ಟ ಕೋಳಿಮೊಟ್ಟೆ ದೇವರಿಗೆ ಪ್ರಿಯವೆಂದು ಅವರು ಹೇಳಿದಾಗ, ಆನೆಗಳ ಕಾಟವನ್ನು ನಿತ್ಯವೂ ಉಣ್ಣುತ್ತಿದ್ದ ಸಭೆ ಅದನ್ನು ಕೂಡಲೆ ಒಪ್ಪಿಕೊಂಡಿತು. ಇನ್ನಾಸಪ್ಪನು ನಿದ್ದೆಯನ್ನು ತಡೆಯಲೆಂದು ಕಣ್ಣುಗಳನ್ನು ಚೆನ್ನಾಗಿ ಉಜ್ಜಿಕೊಂಡನು. ಆ ದಿನ ಬೆಳಗ್ಗೆ ಹೆಂಡತಿ ಆರೋಗ್ಯಮ್ಮ ಅವನ ಕೈಯಲ್ಲಿ ಒಂದು ಬೋಗುಣಿ ಗಾಂಧಾರಿ ಮೆಣಸನ್ನು ಕೊಯ್ಯಿಸಿದ್ದಳು. ಆ ಮೆಣಸು ಉಗುರಿನಷ್ಟೇ ಚಿಕ್ಕದು. ಅದರ ಉರಿ ಮಾತ್ರ ಗಾತ್ರವನ್ನು ನೋಡಿ ವರ್ತಿಸುವಂಥದಲ್ಲ.

ಕಾಣಿಕೆಯ ಚೀಲ ಅವನ ಬಳಿಗೆ ಬಂದಾಗ ಎರಡೂ ಕಣ್ಣುಗಳಿಂದ ಧಾರೆ ಹರಿಯುತ್ತಿತ್ತು. ಅಂಗಿಯ ಜೇಬಿನಲ್ಲಿ ಮಡಿಸಿಟ್ಟ ನೋಟೂ ಇತ್ತು, ಜೀಪಿನ ಕೀಲಿಯೂ ಇತ್ತು. ಕುರುಡಾದ ಕೈ ಜೇಬಿಗೆ ಇಳಿಯಿತು, ಸಿಕ್ಕಿದ್ದನ್ನು ಎತ್ತಿ ಚೀಲದೊಳಗೆ ಬಿಟ್ಟಿತು. ಚೀಲ ಹಿಡಿದಿದ್ದವರು ಉಪದೇಶಿ ಚೌರಪ್ಪನವರು. ಊರಿನ ಧರ್ಮಬೋಧನೆ, ಪಾಲನಾ ಸಮಿತಿಯ ಕಾರ್ಯದರ್ಶಿತ್ವ, ಹಬ್ಬದ ಹರಾಜು, ಈ ಮೂರನ್ನೂ ಹೊತ್ತ ಅವರಿಗೆ ಪ್ರತಿಯೊಂದು ವಸ್ತುವಿನಲ್ಲೂ ಒಂದು ಅರ್ಥ ಕಾಣುತ್ತಿತ್ತು. ನೋಟು ಬಿದ್ದರೆ ಸದ್ದಾಗದು, ಇಲ್ಲಿ ಸದ್ದಾಯಿತು. ಅವರು ಬಗ್ಗಿ ನೋಡಿದರು. ಕೀಲಿಯನ್ನು ಕಂಡರು, ಇನ್ನಾಸಪ್ಪನ ಕಣ್ಣೀರನ್ನು ಕಂಡರು, ಈಗಷ್ಟೇ ಕೇಳಿದ ಪ್ರಬೋಧನೆಯನ್ನು ನೆನೆದರು. ಮೂರನ್ನೂ ಕೂಡಿಸಿದಾಗ ದೊರೆತ ಮೊತ್ತವನ್ನು ಹೊತ್ತು ನೇರ ಫಾದರ ಬಳಿಗೆ ನಡೆದರು.

ಪೂಜೆಯ ಕೊನೆಯಲ್ಲಿ ಫಾದರು ಒಂದು ಪ್ರಕಟಣೆ ಮಾಡಿದರು. ನಮ್ಮಲ್ಲೊಬ್ಬರು ಇಂದು ಆನಂದಬಾಷ್ಪವನ್ನು ಸುರಿಸುತ್ತ ತಮ್ಮ ಜೀವನೋಪಾಯವನ್ನೇ ದೇವರಿಗೆ ಅರ್ಪಿಸಿದ್ದಾರೆ, ಅವರ ಹೆಸರನ್ನು ಹೇಳುವುದಿಲ್ಲ ಎಂದರು. ಅಳುತ್ತಿದ್ದವನು ಒಬ್ಬನೇ ಆದುದರಿಂದ ಸಭೆಯೆಲ್ಲ ಅವನ ಕಡೆಗೆ ತಿರುಗಿತು. ಅಂಥ ಮಹಾನುಭಾವನು ಯಾರಿರಬಹುದೆಂಬ ಕುತೂಹಲದಿಂದ ಇನ್ನಾಸಪ್ಪನೂ ಹಿಂತಿರುಗಿ ನೋಡಿದನು. ಅವನ ಹಿಂದೆ ಗೋಡೆಯಿತ್ತು.

ಹೊರಗೆ ಬಂದಾಗ ಹಲವರು ಅವನ ಕೈ ಹಿಡಿದು ಕುಲುಕಿ, ಕಣ್ಣೊರಸಿಕೊಂಡು ಹೋದರು. ಕಣ್ಣುರಿಗೆ ಇಷ್ಟು ಜನ ಮರುಗುವುದನ್ನು ಕಂಡು ಇನ್ನಾಸಪ್ಪನಿಗೆ ತನ್ನ ಊರಿನ ಮೇಲೆ ಅಭಿಮಾನ ಉಕ್ಕಿತು.

ಮಧ್ಯಾಹ್ನ ಉಪದೇಶಿ ಚೌರಪ್ಪನವರು ಸಮಿತಿಯವರೊಡನೆ ದಿಣ್ಣೆಯಿಳಿದು ಬಂದು, ಜೀಪನ್ನು ಕೊಂಡೊಯ್ಯುವುದಾಗಿ ತಿಳಿಸಿದರು. ಹಬ್ಬದ ವಾರವಾದುದರಿಂದ ಹೊರೆಕಾಣಿಕೆ ತರಲು ಹೊರಟಿದ್ದಾರೆಂದು ಇನ್ನಾಸಪ್ಪನು ಭಾವಿಸಿದನು.

"ತಗೊಂಡು ಹೋಗಿ ಉಪದೇಶಿಗಳೇ, ದೇವರ ಕೆಲಸ ಅಲ್ವಾ. ಕೀ ಎಲ್ಲಿಟ್ಟೆ ಅಂತ ಒಂದು ಸಲ ನೋಡ್ತೇನೆ."

"ಕೀ ನಮ್ಮ ಹತ್ರ ಇದೆ" ಎಂದರು ಉಪದೇಶಿಗಳು.

ತಾನು ಯಾವಾಗಲೋ ಕೊಟ್ಟಿರಬೇಕೆಂದು ಇನ್ನಾಸಪ್ಪನು ಒಪ್ಪಿಕೊಂಡನು. ತಾನು ಮಾಡಿದ ಕೆಲಸವನ್ನು ಇತರರಿಂದ ಕೇಳಿ ತಿಳಿಯುವುದು ಅವನಿಗೆ ಅಭ್ಯಾಸವಾಗಿತ್ತು. ಅನಂತರ ಅವನು ಜೀಪಿನ ಸುತ್ತ ನಡೆದು ಉಪದೇಶಿಗಳಿಗೆ ಅದರ ಗುಣಸ್ವಭಾವಗಳನ್ನು ವಿವರಿಸಿದನು. ಎರಡನೆಯ ಗೇರಿಗೆ ಮೊಣಕಾಲಿನ ಆಸರೆ ಕೊಡಬೇಕು. ಎಡಕ್ಕೆ ತಿರುಗುವಾಗ ಹಾರನ್ ತಾನಾಗಿ ಕೂಗುತ್ತದೆ, ಅದಕ್ಕೆ ಹೆದರಬಾರದು. ಬಾಗಿಲಿನ ಹಗ್ಗವನ್ನು ಬಿಚ್ಚಿದರೆ ಬಾಗಿಲೇ ಬರುತ್ತದೆ. ಮಗಳನ್ನು ಗಂಡನ ಮನೆಗೆ ಕಳುಹಿಸುವ ತಾಯಿ ಅವಳ ಊಟತಿಂಡಿಯ ಇಷ್ಟಾನಿಷ್ಟಗಳನ್ನು ಬೀಗಿತಿಗೆ ಹೇಳುವಂತೆ ಇತ್ತು ಆ ದೃಶ್ಯ. ಸಮಿತಿಯವರಲ್ಲಿ ಇಬ್ಬರು ಮುಖ ತಿರುಗಿಸಿದರು.

"ವಾಪಸ್ಸು ಯಾವಾಗ ಬರ್ತದೆ?" ಎಂದು ಇನ್ನಾಸಪ್ಪನು ಕೊನೆಗೆ ಕೇಳಿದನು.

ಚೌರಪ್ಪನವರು ಆಕಾಶವನ್ನು ನೋಡಿದರು. "ದೇವರಿಗೆ ಕೊಟ್ಟದ್ದು ನೂರು ಪಟ್ಟಾಗಿ ವಾಪಸ್ಸು ಬರ್ತದೆ, ಇನ್ನಾಸಪ್ಪ."

"ನೂರು ಎಂತಕ್ಕೆ, ಉಪದೇಶಿಗಳೇ. ನಂಗೆ ಇದೊಂದೇ ಬಂದ್ರೆ ಸಾಕು."

ಇಂಥ ನಿರಾಸೆಯನ್ನು, ಎಂದರೆ ಆಸೆಯ ಅಭಾವವನ್ನು, ತಾವು ಸಂತರ ಚರಿತ್ರೆಗಳಲ್ಲಿ ಮಾತ್ರ ಓದಿದ್ದಾಗಿ ಉಪದೇಶಿಗಳು ದಾರಿಯುದ್ದಕ್ಕೂ ಹೇಳುತ್ತ ಹೋದರಂತೆ. ಅವರ ಮಾತು ಸರಿಯಾಗಿ ಕೇಳಿಸಲಿಲ್ಲ. ಎಡದ ತಿರುವುಗಳು ಬಹಳವಿದ್ದವು.

ಸೋಮವಾರದಿಂದ ಇನ್ನಾಸಪ್ಪನ ಜಗಲಿ ತುಂಬತೊಡಗಿತು. ಸರ್ವಸ್ವವನ್ನೂ ಕೊಟ್ಟು ಬರಿಗೈಯಾದವನ ಮನೆಯಲ್ಲಿ ಒಲೆ ಆರಬಾರದೆಂದು ಒಬ್ಬರು ಅಕ್ಕಿ ತಂದರು, ಒಬ್ಬರು ಗೆಣಸು ತಂದರು. ಪಕ್ಕದ ತೋಟದ ಮುದುಕಿ ತಂಗಮ್ಮ ಕೊಡವರವಳು. ಆದರೂ ವರ್ಷವರ್ಷವೂ ಸಂತ ಸೆಬಾಸ್ತಿಯನ್ನರಿಗೆ ಒಂದು ಕೋಳಿಯನ್ನು ತಪ್ಪದೆ ಕಳುಹಿಸುವವಳು. ಅವಳು ಕೊಬ್ಬಿದ ಹೇಂಟೆಯೊಂದನ್ನೂ, ಹಂದಿಸಾರಿಗೆ ಹುಳಿ ಹಿಂಡುವ ಕಾಚಂಪುಳಿಯ ಶೀಸೆಯೊಂದನ್ನೂ ತಂದಿಟ್ಟು, "ಮನಸ್ಸಿಗೆ ಬೇಜಾರು ಮಾಡ್ಕೋಬೇಡ ಇನ್ನಾಸಪ್ಪ" ಎಂದು ಹೋದಳು. ಇದರಲ್ಲಿ ಬೇಜಾರಿನ ಮಾತೇನೆಂದು ಇನ್ನಾಸಪ್ಪನಿಗೆ ತಿಳಿಯಲಿಲ್ಲ. ಪ್ರತಿವರ್ಷ ಇದೇ ವಾರದಲ್ಲಿ ಇದೇ ಜಗಲಿಗೆ ಇಂಥವೇ ವಸ್ತುಗಳು ಬರುತ್ತಿದ್ದವು. ಅವನು ಹೇಂಟೆಯ ಕಾಲಿಗೆ ಹಗ್ಗ ಕಟ್ಟಿ ಉಳಿದ ಹೊರೆಕಾಣಿಕೆಯ ಜೊತೆಗೆ ಸೇರಿಸಿದನು.

ಈ ವರ್ಷ ಜನರಲ್ಲಿ ಭಕ್ತಿ ಹೆಚ್ಚಿದೆಯೆಂದು ಆರೋಗ್ಯಮ್ಮ ಅಭಿಪ್ರಾಯಪಟ್ಟಳು. ಮಂಗಳವಾರ ಯಾರೋ ಅಕ್ಕಿತರಿಯ ಬಿಸಿಬಿಸಿ ಕಡುಂಬುಟ್ಟಿನ ಉಂಡೆಗಳನ್ನೂ ಹಂದಿಸಾರನ್ನೂ ಪಾತ್ರೆಸಮೇತ ಇಟ್ಟುಹೋದಾಗ ಗಂಡಹೆಂಡಿರು ಅದರ ಮುಂದೆ ಕುಳಿತು ಬಹಳ ಹೊತ್ತು ಆಲೋಚಿಸಿದರು. ಬೇಯಿಸಿದ ಸಾರನ್ನು ಸಂತರಿಗೆ ಒಪ್ಪಿಸುವ ಪದ್ಧತಿ ಹಿಂದೆ ಇರಲಿಲ್ಲ. ಹೊಸ ಫಾದರು ತಂದ ಹೊಸ ಕ್ರಮವಿರಬೇಕೆಂದು ತೀರ್ಮಾನಿಸಿ, ಆರುವ ಮುಂಚೆಯೇ ಇನ್ನಾಸಪ್ಪನು ಅದನ್ನು ತಲೆಯ ಮೇಲೆ ಹೊತ್ತು ದಿಣ್ಣೆ ಹತ್ತಿ ಫಾದರಿರುವ ಗುರುಮನೆಗೆ ಮುಟ್ಟಿಸಿದನು. ಉಳಿದ ಸಾಮಾನೂ ಬಹಳವಿದೆ, ಜೀಪು ಕಳುಹಿಸಿ ಸಾಗಿಸಬೇಕೆಂದು ಅರಿಕೆ ಮಾಡಿಕೊಂಡು ಬಂದನು.

ಫಾದರು ಆ ಸಾರನ್ನು ಮುಂದಿಟ್ಟುಕೊಂಡು ಉಣ್ಣಲಾರದೆ ಕುಳಿತರು. ಹಸಿದವನು ತನಗೆ ಬಂದ ತುತ್ತನ್ನೂ ದೇವರ ಮನೆಗೆ ಹೊತ್ತು ತಂದನೆಂಬ ಸುದ್ದಿ ಸಂಜೆಯೊಳಗೆ ಲೈನುಮನೆಗಳನ್ನೆಲ್ಲ ಮುಟ್ಟಿತು. ಮರುದಿನ ಜಗಲಿಗೆ ಬಂದ ಅಕ್ಕಿ ಇಮ್ಮಡಿಯಾಯಿತು. ಅದೂ ದಿಣ್ಣೆ ಹತ್ತಿತು. ಊರು ಕೊಡುವುದು, ಇನ್ನಾಸಪ್ಪನು ಅರ್ಪಿಸುವುದು, ಅರ್ಪಿಸಿದ್ದನ್ನು ಕಂಡು ಊರು ಮತ್ತೆ ಕೊಡುವುದು. ಸಮುದ್ರದ ನೀರು ಮೋಡವಾಗಿ, ಮೋಡ ಮಳೆಯಾಗಿ, ಮಳೆ ಮತ್ತೆ ಸಮುದ್ರವನ್ನು ಸೇರುವಂತೆ ಗೆಣಸುಗಳು ಸುತ್ತುತ್ತಿದ್ದವು. ಮಳೆಗಾದರೂ ನಡುವೆ ಒಂದು ಬೆಳೆ ಬರುತ್ತದೆ. ಇಲ್ಲಿ ಇನ್ನಾಸಪ್ಪನ ಮನೆಯಲ್ಲಿ ಗಂಜಿಯೇ ಬೇಯುತ್ತಿತ್ತು.

ಅತ್ತ ಜೀಪು ದೇವರ ಸೇವೆಗೆ ನಿಂತಿತ್ತು. ನಿಂತಿತ್ತೆಂಬ ಮಾತನ್ನು ಓದುಗರು ಅಕ್ಷರಶಃ ಗ್ರಹಿಸಬೇಕು. ಗುರುಮನೆಯ ಮುಂದೆ ನಿಂತಿತು, ತಿತಿಮತಿಯ ರಸ್ತೆಯ ನಡುವೆ ನಿಂತಿತು, ಆನೆ ದಾಟುವ ಜಾಗದಲ್ಲಿ ನಿಂತಿತು. ಓಡುವ ಮನಸ್ಸಾದಾಗ ಯಾವ ಗೇರಿನಲ್ಲಿ ಓಡಬೇಕೆಂಬುದನ್ನು ಅದೇ ನಿರ್ಧರಿಸಿತು. ಬುಧವಾರ ಬೆಳಗ್ಗೆ ದೂರದ ಲೈನಿನಲ್ಲಿ ಮುದ್ದಿಯೆಂಬ ಹಣ್ಣು ಮುದುಕಿಗೆ ಉಸಿರು ನಿಲ್ಲುವಂತಾಗಿದೆಯೆಂದು ಕರೆ ಬಂತು. ಸಾಯುವವರಿಗೆ ಪವಿತ್ರ ತೈಲ ಹಚ್ಚುವ ಕಡೆಯ ಅಭ್ಯಂಗ ಕೊಡಲು ಫಾದರು ಉಪದೇಶಿಗಳನ್ನು ಕರೆದುಕೊಂಡು ಅದೇ ಜೀಪಿನಲ್ಲಿ ಹೋದರು. ಅಭ್ಯಂಗವಾಯಿತು, ಪ್ರಾರ್ಥನೆಯಾಯಿತು, ಜೀಪು ಮಾತ್ರ ಮರಳಿ ಹೊರಡಲೊಲ್ಲದು. ಗಂಡಸರೆಲ್ಲ ಕೊಯ್ಲಿಗೆ ಹೋಗಿದ್ದರು. ಉಪದೇಶಿಗಳು ಒಬ್ಬರೇ ತಳ್ಳುತ್ತ ಏದುಸಿರು ಬಿಡುವುದನ್ನು ಚಾಪೆಯಿಂದಲೇ ನೋಡುತ್ತಿದ್ದ ಮುದ್ದಿಗೆ ಸಹಿಸಲಾಗಲಿಲ್ಲ. ಎದ್ದು ಬಂದು, ಸೆರಗು ಸಿಕ್ಕಿಸಿ, "ಸರೀರಿ ಅತ್ಲಾಗೆ" ಎಂದು ಉಪದೇಶಿಗಳನ್ನು ಸರಿಸಿ ಬೆನ್ನು ಕೊಟ್ಟಳು. ಜೀಪು ಹೊರಟಿತು. ಮುದ್ದಿ ಮತ್ತೆ ಮಲಗಲಿಲ್ಲ. ಅವಳು ಗುಣವಾದದ್ದನ್ನು ಯಾವುದರ ಲೆಕ್ಕಕ್ಕೆ ಹಾಕಬೇಕೆಂದು ಫಾದರಿಗೆ ಇನ್ನೂ ನಿಶ್ಚಯವಾಗಿಲ್ಲ.

ಅದೇ ದಿನ ಸಂಜೆ ಮೊಣ್ಣಪ್ಪನವರ ಎಸ್ಟೇಟಿನ ರೈಟರ್ ಬೊಳ್ಳಪ್ಪನು ಇನ್ನಾಸಪ್ಪನ ಮನೆಗೆ ಬಂದನು. ಕೊಯ್ಲಿನ ಆಳುಗಳ ಉಸ್ತುವಾರಿ ಅವನದು. ಆಳುಗಳು ನಡೆದೇ ಬರಬೇಕಾಗಿ ದಿನದಿನವೂ ಕೆಲಸ ತಡವಾಗುತ್ತಿತ್ತು.

"ಎಂತ ಮಾರಾಯ ಇನ್ನಾಸಪ್ಪ, ಕೊಡುವ ಮೊದಲು ನನಗೊಂದು ಮಾತು ಹೇಳ್ಬಾರ್ದಿತ್ತಾ? ಹಣ್ಣೆಲ್ಲ ಗಿಡದಲ್ಲೇ ಒಣಗ್ತಾ ಉಂಟು. ಸೋಮವಾರ ನಿನ್ನ ಜೀಪು ಬಾರದಿದ್ರೆ ಸಿದ್ದರಾಜುವಿನ ಪಿಕಪ್ಪಿಗೆ ಹೇಳಿ ಆಯ್ತು. ಮತ್ತೆ ನನ್ನ ಮೇಲೆ ಸಿಟ್ಟು ಮಾಡ್ಕೊಳ್ಬೇಡ."

ಜೀಪು ಹಬ್ಬದ ಕೆಲಸಕ್ಕೆ ಹೋಗಿದೆ, ಹಬ್ಬ ಮುಗಿದೊಡನೆ ಬರುತ್ತದೆಯೆಂದು ಇನ್ನಾಸಪ್ಪನು ಸಮಾಧಾನ ಹೇಳಿದನು. ಬೊಳ್ಳಪ್ಪನು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದನು. ಅನಂತರ, ಭಾನುವಾರ ಅವನು ಗೊಳೋ ಎಂದು ಅಳುತ್ತ ಕೀಲಿಯನ್ನು ಕಾಣಿಕೆ ಚೀಲಕ್ಕೆ ಹಾಕಿದ್ದು, ಜೀಪು ಈಗ ಚರ್ಚಿನ ಸೊತ್ತಾದದ್ದು, ಹಬ್ಬದ ದಿನ ಅದು ಹರಾಜಾಗಲಿರುವುದು, ಇವೆಲ್ಲ ತಿತಿಮತಿಯ ಹೋಟೆಲಿನಲ್ಲಿ ಚಹಾ ಕುಡಿಯುವವರಿಗೆಲ್ಲ ತಿಳಿದಿರುವ ಸಂಗತಿಯೆಂದು ಹೇಳಿ ಹೊರಟುಹೋದನು.

ಇನ್ನಾಸಪ್ಪನು ಒಳಗೆ ಹೋಗಿ ಭಾನುವಾರದ ಅಂಗಿಯ ಜೇಬನ್ನು ತಡವಿದನು. ಮಡಿಸಿದ ನೋಟು ಮಡಿಸಿದಂತೆಯೇ ಇತ್ತು.

"ಕಣ್ಣು ಮುಟ್ಟಬೇಡಿ ಅಂತ ಹೇಳಿದ್ದೆ ನಾನು" ಎಂದಳು ಆರೋಗ್ಯಮ್ಮ. "ಈಗ್ಲೇ ಹೋಗಿ ಫಾದರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಜೀಪು ಹೋದ್ರೆ ನಾವು ತಿನ್ನೋದು ಎಂತ, ಹಾರನ್ನಾ?"

ಇನ್ನಾಸಪ್ಪನು ಗುರುಮನೆಗೆ ಹೋದನು. ಫಾದರ ಜೊತೆಗೆ ಉಪದೇಶಿಗಳೂ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಹೊಸಿಲಲ್ಲಿ ಚೆದರಿಹೋಗಿ, ಕಟ್ಟಕಡೆಯ ವಾಕ್ಯ ಮಾತ್ರ ಮೊದಲು ಹೊರಬಂತು.

"ಸ್ವಾಮಿ, ನಾನು ಕೊಟ್ಟದ್ದು ನಂಗೇ ಗೊತ್ತಿಲ್ಲ."

ಫಾದರು ಕುರ್ಚಿಯಿಂದ ಎದ್ದು ನಿಂತರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಪ್ರಭು ಬೋಧಿಸಿದ್ದನ್ನು ತಾವು ಎಷ್ಟೋ ಸಲ ವ್ಯಾಖ್ಯಾನಿಸಿದ್ದುಂಟು, ಆದರೆ ಬಲಗೈಗೇ ತಿಳಿಯದಂತೆ ಕೊಟ್ಟವರನ್ನು ಇಂದು ಕಣ್ಣಾರೆ ಕಂಡೆನೆಂದರು. ಇಲ್ಲ ಸ್ವಾಮಿ, ಅದು ತಪ್ಪಿ ಆದದ್ದು ಎಂದು ಇನ್ನಾಸಪ್ಪನು ತಡವರಿಸಿದನು. ಒಳ್ಳೆಯದನ್ನು ಮಾಡಿ ತಪ್ಪಾಯಿತೆನ್ನುವವನೇ ನಿಜವಾದ ದೀನನೆಂದು ಉಪದೇಶಿಗಳು ಕಣ್ಣೊರಸಿಕೊಂಡರು. ಕೈಗೆ ಎಣ್ಣೆಯಾದುದರಿಂದ ಅವರಿಗೂ ಚೆನ್ನಾಗಿಯೇ ನೀರು ಬಂತು.

ಇನ್ನಾಸಪ್ಪನು ಮನೆಗೆ ಮರಳಿದಾಗ ಹೇಳಿದಿರಾ ಎಂದು ಹೆಂಡತಿ ಕೇಳಿದಳು. ಹೇಳಿದೆ, ತುಂಬಾ ಮೆಚ್ಚಿಕೊಂಡರು ಎಂದನು. ಆರೋಗ್ಯಮ್ಮ ಸ್ವಲ್ಪ ಹೊತ್ತು ಗಂಜಿಯನ್ನು ಕಲಕಿದಳು. ಬಳಿಕ ಅವಳಿಗೊಂದು ಉಪಾಯ ಹೊಳೆಯಿತು. ಎದುರು ನಿಂತು ಮಾತಾಡಿದರೆ ಫಾದರು ನಡುವೆ ಬಾಯಿ ಹಾಕುತ್ತಾರೆ. ಪಾಪನಿವೇದನೆಯ ಪೀಠದಲ್ಲಾದರೆ ಮೊದಲಿಂದ ಕೊನೆಯವರೆಗೆ ಸುಮ್ಮನೆ ಕೇಳಲೇಬೇಕು. ಹಬ್ಬದ ಹಿಂದಿನ ದಿನ ಹೇಗೂ ಎಲ್ಲರೂ ಹೋಗುವವರೇ.

ಈ ಉಪಾಯ ಲೌಕಿಕ ದೃಷ್ಟಿಯಲ್ಲಿ ನಿರ್ದುಷ್ಟವಾಗಿತ್ತು. ಅದರ ದೋಷ ಶಾಸ್ತ್ರದಲ್ಲಿತ್ತು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುವಾದವನು ಪ್ರಾಣ ಹೋದರೂ ಹೊರಗೆ ಆಡುವಂತಿಲ್ಲ. ಆಡುವುದಿರಲಿ, ತಿಳಿದವನಂತೆ ನಡೆದುಕೊಳ್ಳುವಂತೆಯೂ ಇಲ್ಲ. ಆ ಮುದ್ರೆ ಅಷ್ಟು ಕಠಿನವಾದುದು. ಎಂದರೆ, ನಿಜವನ್ನು ತಿಳಿದರೆ ತನಗೆ ನೆರವಾಗಬಲ್ಲ ಒಬ್ಬನೇ ಒಬ್ಬ ಮನುಷ್ಯನಿಗೆ ನಿಜವನ್ನು ತಿಳಿಸಿ, ಅದೇ ಉಸಿರಿನಲ್ಲಿ ಅವನ ಬಾಯಿಗೆ ಬೀಗ ಜಡಿಯುವ ಒಂದೇ ಒಂದು ಸ್ಥಳವನ್ನು ಇನ್ನಾಸಪ್ಪನು ಹುಡುಕಿಕೊಂಡು ಹೋದನು. ಆ ಮುದ್ರೆ ಗುರುವಿನ ಬಾಯಿಗೇ ಹೊರತು ಇನ್ನಾಸಪ್ಪನ ಬಾಯಿಗಲ್ಲ. ಆದುದರಿಂದಲೇ ಮುಂದಿನದು ನಮಗೆ ತಿಳಿದದ್ದು.

ಶನಿವಾರ ಸಂಜೆ ಅವನು ಆ ಪೀಠದ ಜಾಲಂಧ್ರದ ಮುಂದೆ ಮಂಡಿಯೂರಿ, ಗಾಂಧಾರಿ ಮೆಣಸಿನಿಂದ ಆರಂಭಿಸಿ ಎಲ್ಲವನ್ನೂ ಕ್ರಮವಾಗಿ ಹೇಳಿದನು. ಒಳಗಿನಿಂದ ಕೆಮ್ಮನ್ನು ಹೋಲುವ ಒಂದು ಸದ್ದು ಬಂತು. ಕಣ್ಣುಜ್ಜಿಕೊಂಡದ್ದು ಪಾಪವಲ್ಲವೆಂದೂ, ಆದರೆ ಈ ಸಂಗತಿಯನ್ನು ಅವನೇ ಹೊರಗೆ ಹೋಗಿ ಸಮಿತಿಯ ಎದುರು ತನ್ನ ಬಾಯಿಂದಲೇ ಹೇಳಬೇಕೆಂದೂ ಫಾದರು ಎರಡೆರಡು ಸಲ ಹೇಳಿದರು. ಇನ್ನಾಸಪ್ಪನ ಕಿವಿ ಮೊದಲ ಭಾಗಕ್ಕೇ ತಣಿದುಹೋಗಿತ್ತು. ಫಾದರಿಗೆ ತಿಳಿದ ಮೇಲೆ ಸಮಿತಿಗೆ ಬೇರೆ ಹೇಳುವುದೇಕೆ? ಅವನು ಹಗುರಾಗಿ ಮನೆಗೆ ಬಂದು, ಸೋಮವಾರ ಜೀಪು ತರುವುದಾಗಿ ಬೊಳ್ಳಪ್ಪನಿಗೆ ಫೋನು ಮಾಡಿ ಮಲಗಿದನು.

ಹಬ್ಬದ ಬೆಳಗ್ಗೆ ದಿಣ್ಣೆ ಹತ್ತಿದವನಿಗೆ ಹರಾಜಿನ ಚಪ್ಪರದ ಬಳಿ ತನ್ನ ಜೀಪು ಕಾಣಿಸಿತು. ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿದ್ದರು. ಅವನು ಓಡಿಹೋಗಿ ಫಾದರನ್ನು ಹಿಡಿದನು.

"ಸ್ವಾಮಿ, ನಿನ್ನೆ ಹೇಳಿದ್ದೆ ಅಲ್ವಾ?"

"ಯಾವುದು?" ಎಂದರು ಫಾದರು.

"ಜೀಪಿನ ವಿಷಯ."

ಫಾದರು ಗಂಟೆಗೋಪುರದ ಕಡೆಗೆ ನೋಡಿದರು. "ಈ ದಿನ ಬಿಸಿಲು ಚೆನ್ನಾಗಿದೆ, ಇನ್ನಾಸಪ್ಪ" ಎಂದರು. ಅವರ ಕತ್ತಿನ ನರಗಳು ಉಬ್ಬಿದ್ದವು. "ಸಾಮಾನ್ಯವಾಗಿ ಹೇಳ್ತಾ ಇದ್ದೇನೆ. ಯಾರಿಗೆ ಏನು ಹೇಳುವುದಿದ್ದರೂ ಎಲ್ಲರ ಎದುರಿಗೇ ಹೇಳಬಹುದು. ಹೊರಗೆ. ಗಟ್ಟಿಯಾಗಿ. ಯಾರು ಬೇಕಾದರೂ."

ಇನ್ನಾಸಪ್ಪನ ಗೊಂದಲ ಈಗ ಪೂರ್ಣತೆಯನ್ನು ಮುಟ್ಟಿತು. ತಾನು ನಿನ್ನೆ ಹೇಳಿದ್ದು ನಿಜವೇ? ಹೇಳಿದ್ದರೆ, ಒಳಗೆ ಕುಳಿತಿದ್ದವರು ಇವರೇ ಹೌದೇ? ಅಥವಾ ಕೀಲಿಯನ್ನು ಹಾಕಿದ್ದು ತಿಳಿಯದೆ ಹೋದಂತೆ, ಹೇಳದೆ ಇದ್ದದ್ದೂ ತಿಳಿಯದೆ ಹೋಯಿತೇ? ಪೂಜೆಯುದ್ದಕ್ಕೂ ಅವನು ಹೆಂಡತಿಯನ್ನು ಮೊಣಕೈಯಿಂದ ತಿವಿದು, ಶನಿವಾರ ತಾನು ಮನೆಯಿಂದ ಹೊರಟದ್ದು ದಿಟವೇ ಎಂದು ಕೇಳುತ್ತಿದ್ದನು.

ಹರಾಜು ಮೊದಲಾಯಿತು. ಕೊಟ್ಟವನು ತಾನು ಕೊಟ್ಟ ಕಾಣಿಕೆಯನ್ನು ತಾನೇ ಕೂಗಿ ಕೊಳ್ಳಬಾರದೆಂಬ ನಿಯಮವನ್ನು ಉಪದೇಶಿಗಳು ಪ್ರತಿವರ್ಷದಂತೆ ಈ ವರ್ಷವೂ ಸಾರಿದರು. ಗೊನೆಗಳು ಹೋದವು, ಜೇನು ಹೋಯಿತು. ಹೇಂಟೆಯನ್ನು ಎತ್ತಿ ಹಿಡಿದಾಗ ತಂಗಮ್ಮ, ಅದನ್ನು ತಾನು ಇನ್ನಾಸಪ್ಪನಿಗೆ ಸಾರು ಮಾಡಿ ತಿನ್ನಲು ಕೊಟ್ಟದ್ದೆಂದು ತಕರಾರೆತ್ತಿದಳು. ತಂಗಮ್ಮ ಇನ್ನಾಸಪ್ಪನಿಗೆ ಕೊಟ್ಟಳು, ಇನ್ನಾಸಪ್ಪನು ಸಂತರಿಗೆ ಕೊಟ್ಟನು, ಆದುದರಿಂದ ತಂಗಮ್ಮ ಕೂಗಬಹುದೆಂದು ಉಪದೇಶಿಗಳು ವ್ಯವಸ್ಥೆ ಕೊಟ್ಟರು. ಅವಳು ತನ್ನ ಕೋಳಿಯನ್ನು ಕೊಂಡು, ಕಂಕುಳಲ್ಲಿ ಇಟ್ಟುಕೊಂಡು, ಇನ್ನು ಯಾರಿಗೂ ಕೊಡುವುದಿಲ್ಲವೆಂದು ಕುಳಿತಳು.

ಬಳಿಕ ಜೀಪಿನ ಸರದಿ ಬಂತು. ಅದರ ಹಿಂದಿರುವ ತ್ಯಾಗವನ್ನು ಉಪದೇಶಿಗಳು ಹೃದಯ ಕರಗುವಂತೆ ವರ್ಣಿಸಿದರು. ಇನ್ನಾಸಪ್ಪನು ಉಸಿರು ಹಿಡಿದು, ಯಾರೂ ಕೂಗದಿರಲೆಂದು ಸಂತರಿಗೆ ಮೊರೆಯಿಟ್ಟನು. ಸಂತರು ಕೂಡಲೆ ಆಲಿಸಿದರು. ಯಾರೂ ಕೂಗಲಿಲ್ಲ.

ಉಪದೇಶಿಗಳು ಸಿದ್ದರಾಜುವಿನ ಕಡೆಗೆ ಆಸೆಯಿಂದ ನೋಡಿದರು. ಪಿಕಪ್ಪಿನಿಂದ ಬಂದ ಬೆನ್ನುನೋವೇ ತನಗೆ ಸಾಕೆಂದು ಅವನು ಕೈಕಟ್ಟಿ ನಿಂತನು. ಮುಂದಿನ ಸಾಲಿನಲ್ಲಿ ಗಟ್ಟಿಮುಟ್ಟಾಗಿ ಕುಳಿತಿದ್ದ ಮುದ್ದಿ, "ನಾ ತಳ್ಳಿ ನೋಡಿದೀನಿ ಸಾಮಿ, ನಂಗೆ ಬ್ಯಾಡ" ಎಂದಳು. ಚಪ್ಪರದಲ್ಲಿ ನಗೆ ಎದ್ದಿತು. ಯಾರೋ ಅದನ್ನು ಕೋಳಿಗೂಡು ಮಾಡಬಹುದೆಂದರು. ಕೋಳಿ ಒಪ್ಪಬೇಕಲ್ಲ ಎಂದು ತಂಗಮ್ಮ ಹೇಂಟೆಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

ಮನುಷ್ಯನ ಮನಸ್ಸಿನ ಗತಿ ವಿಚಿತ್ರವಾದುದು. ಒಂದು ಕ್ಷಣದ ಹಿಂದೆ ಯಾರಾದರೂ ಕೊಂಡಾರೆಂದು ಬೆವರುತ್ತಿದ್ದ ಇನ್ನಾಸಪ್ಪನಿಗೆ ಈಗ ಯಾರೂ ಕೊಳ್ಳುತ್ತಿಲ್ಲವೆಂದು ಹೊಟ್ಟೆ ಉರಿಯಿತು. ಅವನು ಎದ್ದು ನಿಂತನು. ಆರೋಗ್ಯಮ್ಮ ಅಂಗಿಯ ಚುಂಗನ್ನು ಹಿಡಿದೆಳೆದಳು. ಅಂಗಿ ನಿಂತಿತು, ಇನ್ನಾಸಪ್ಪನು ನಿಲ್ಲಲಿಲ್ಲ. ತನ್ನ ಜೀಪಿನ ಎಂಜಿನ್ನಿನಂಥ ಎಂಜಿನ್ನು ಇಡೀ ಕೊಡಗಿನಲ್ಲಿ ಇಲ್ಲವೆಂದನು. ಕೆಸರಿನಲ್ಲಿ ಲಾರಿಗಳು ಹೂತ ಜಾಗವನ್ನು ಅದು ದಾಟಿದ್ದು, ಆನೆ ಎದುರಾದಾಗ ಹಿಂದುಹಿಂದಾಗಿ ತಿರುವುಗಳನ್ನು ಇಳಿದದ್ದು, ಹೆರಿಗೆನೋವಿನ ಹೆಣ್ಣುಗಳನ್ನು ಆಸ್ಪತ್ರೆಗೆ ಮುಟ್ಟಿಸಿದ್ದು, ಎಲ್ಲವನ್ನೂ ಹೇಳಿದನು. ಭಟ್ಟಂಗಿಗಳು ಅರಸನನ್ನೂ ಹಾಗೆ ಹೊಗಳಿರಲಾರರು.

ಹಬ್ಬಕ್ಕೆ ಅತಿಥಿಯಾಗಿ ಬಂದು ಕುರ್ಚಿಯಲ್ಲಿ ಕುಳಿತಿದ್ದ ಎಸ್ಟೇಟಿನ ಧಣಿ ಮೊಣ್ಣಪ್ಪನವರು ತಲೆದೂಗಿದರು. "ಇಷ್ಟೆಲ್ಲ ಉಂಟಾದ್ರೆ ನಮ್ಮ ತೋಟಕ್ಕೆ ಇರ್ಲಿ. ಕಾಫಿ ಮೂಟೆ ಹೊರ್ಬಹುದು" ಎಂದು ಕೈಯೆತ್ತಿದರು.

ಒಂದನೆಯ ಸಲ ಎಂದು ಉಪದೇಶಿಗಳು ಕೂಗಿದರು. ಇನ್ನಾಸಪ್ಪನ ಬಾಯಿ ತೆರೆದೇ ಉಳಿಯಿತು. ಫಾದರು ಕಣ್ಣು ಮುಚ್ಚಿದರು.

"ತಡೀರಿ. ಮೊದ್ಲು ಸ್ಟಾರ್ಟ್ ಮಾಡಿ ತೋರ್ಸಿ" ಎಂದರು ಮೊಣ್ಣಪ್ಪನವರು.

ಉಪದೇಶಿಗಳು ಹತ್ತಿ ಕುಳಿತು ಕೀಲಿ ತಿರುವಿದರು. ಹಾರನ್ ಕೂಗಿತು. ಸಮಿತಿಯವರು ಒಬ್ಬೊಬ್ಬರಾಗಿ ಪ್ರಯತ್ನಿಸಿದರು. ಒಬ್ಬರ ಕೈಗೆ ಬಾಗಿಲು ಬಂತು. ತನ್ನ ಜೀಪನ್ನು ಪರರು ಹಾಗೆ ಹಿಂಸಿಸುವುದನ್ನು ಇನ್ನಾಸಪ್ಪನು ನೋಡಲಾರದೆ ಹೋದನು. ಮುನ್ನುಗ್ಗಿ ಸೀಟಿನ ಮೇಲೆ ಕುಳಿತು, ಕೆಳಗೆಲ್ಲೋ ಒಮ್ಮೆ ಒದ್ದು, ಮೇಲೆಲ್ಲೋ ಒಮ್ಮೆ ಸವರಿ, ಕೀಲಿ ತಿರುವಿದನು. ಜೀಪು ತಾಯಿಯ ದನಿ ಕೇಳಿದ ಕರುವಿನಂತೆ ಓಗೊಟ್ಟಿತು.

ಮೊಣ್ಣಪ್ಪನವರು ಹತ್ತಿರ ಬಂದರು. "ನಮ್ಮ ಡ್ರೈವರ್ ಕೂತ್ರೂ ಹೀಗೇ ಸ್ಟಾರ್ಟ್ ಆಗ್ತದಾ ಇನ್ನಾಸಪ್ಪ? ಸತ್ಯ ಹೇಳು."

ಹೌದೆಂದರೆ ಜೀಪಿನ ಮಾನ ಉಳಿಯುತ್ತಿತ್ತು, ಜೀಪು ಹೋಗುತ್ತಿತ್ತು. ಇನ್ನಾಸಪ್ಪನು ಸ್ಟಿಯರಿಂಗನ್ನು ಒಮ್ಮೆ ಸವರಿದನು.

"ಇಲ್ಲ ಸಾರ್. ನಂಗೆ ಮಾತ್ರ."

"ಮತ್ತೆ ಎಂತಕ್ಕೆ ಕೊಟ್ಟದ್ದು ನೀನು?"

"ಕೊಟ್ಟದ್ದಲ್ಲ ಸಾರ್. ಕಣ್ಣಿಗೆ ಗಾಂಧಾರಿ ಮೆಣಸು ತಾಗಿತ್ತು. ನೋಟು ಅಂತ ಕೀ ಹಾಕಿದ್ದು. ಇದಿಲ್ಲದೆ ನನ್ನ ಮನೆ ನಡೆಯೋದಿಲ್ಲ."

ಎಂಥ ದೈನ್ಯ ಎಂದು ಉಪದೇಶಿಗಳು ಆರಂಭಿಸುತ್ತಿದ್ದಂತೆ ಫಾದರು ವೇದಿಕೆಗೆ ಹಾರಿ ಮೈಕನ್ನು ಅವರ ಕೈಯಿಂದ ಕಿತ್ತುಕೊಂಡರು. ಶನಿವಾರದಿಂದ ಎದೆಯಲ್ಲಿ ಕೆಂಡವನ್ನು ಹೊತ್ತವರ ಮುಖದಲ್ಲಿ ಈಗ ಬೆವರೂ ನಗೆಯೂ ಒಟ್ಟಿಗೆ ಇಳಿಯುತ್ತಿದ್ದವು.

"ಎಲ್ಲರೂ ಕೇಳಿದಿರಲ್ಲ? ಇಲ್ಲೇ, ಹೊರಗೆ, ಎಲ್ಲರ ಎದುರಿಗೆ ಅವರೇ ಹೇಳಿದ್ದು. ನಾನು ಈಗಲೇ ಕೇಳ್ತಾ ಇದ್ದೇನೆ."

ಉಪದೇಶಿಗಳು ಒಂದು ಶಾಸ್ತ್ರೀಯ ಆಕ್ಷೇಪವನ್ನು ಮುಂದಿಟ್ಟರು. ಒಮ್ಮೆ ಕಾಣಿಕೆ ಚೀಲಕ್ಕೆ ಬಿದ್ದದ್ದು ದೇವರದು, ಅದನ್ನು ಹಿಂದಕ್ಕೆ ತೆಗೆಯುವ ಕ್ರಮ ಎಲ್ಲೂ ಇಲ್ಲ. ಫಾದರು ಅದನ್ನು ಒಪ್ಪಿದರು. ತೆಗೆಯುವುದು ಬೇಡ, ಕೊಡೋಣ ಎಂದರು. ಸಭೆಯೂ ವರ್ಷಕ್ಕೊಮ್ಮೆಯಾದರೂ ಕೊಡಬೇಕು. ಆದರೆ ದುಃಖದಿಂದ ಬೇಡ, ಬಲವಂತದಿಂದಲೂ ಬೇಡ. ಈ ಜೀಪನ್ನು ಪೂರ್ಣ ಸಂತೋಷದಿಂದ ಇನ್ನಾಸಪ್ಪನಿಗೆ ಕೊಡಲು ಒಪ್ಪುವವರು ಕೈಯೆತ್ತಬಹುದು.

ಮೊದಲು ಮೇಲೆದ್ದದ್ದು ಉಪದೇಶಿಗಳ ಕೈ. ವಾರವೆಲ್ಲ ತಳ್ಳಿದ ಸಮಿತಿಯವರ ಕೈಗಳು ಅದರ ಬೆನ್ನಿಗೇ ಎದ್ದವು. ಮುದ್ದಿ ಎರಡೂ ಕೈಗಳನ್ನು ಎತ್ತಿದಳು. ಮೊಣ್ಣಪ್ಪನವರು ಅಷ್ಟು ಹೊತ್ತಿಗೆ ತಮ್ಮ ಕೂಗನ್ನು ಹಿಂತೆಗೆದುಕೊಂಡು, ತಮ್ಮ ಕೈಯನ್ನೂ ಸೇರಿಸಿದ್ದರು. ದಾನದ ಲಕ್ಷಣಗಳನ್ನು ಬರೆದ ಹಿರಿಯರು ಆ ಮುಖಗಳನ್ನು ಕಂಡಿದ್ದರೆ ಬೇರೆ ಉದಾಹರಣೆಯನ್ನು ಹುಡುಕುತ್ತಿರಲಿಲ್ಲ. ಫಲಾಪೇಕ್ಷೆಯಿಲ್ಲ, ಕೀರ್ತಿಯ ಆಸೆಯಿಲ್ಲ, ಎಳ್ಳಷ್ಟೂ ಹಿಂಜರಿಕೆಯಿಲ್ಲ. ಗಾಯಕವೃಂದದವರು ಯಾರೂ ಹೇಳದೆಯೇ ಸ್ತುತಿಗೀತೆಯನ್ನು ಎತ್ತಿಕೊಂಡರು.

ಇನ್ನಾಸಪ್ಪನಿಗೆ ನಡೆದದ್ದು ಅರ್ಥವಾಗದೆ ಕಾಲು ಜಾರಿತು, ಎಂಜಿನ್ನು ನಿಂತುಹೋಯಿತು. ಮತ್ತೆ ಒದ್ದರೂ ಸವರಿದರೂ ಅದು ಏಳಲಿಲ್ಲ. ಒಂದು ಕ್ಷಣ ಸಭೆಯ ಮುಖ ಬಾಡಿತು. ಆಮೇಲೆ ಫಾದರು ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡರು. ಉಪದೇಶಿಗಳು ಒಂದು ಕಡೆ, ಮೊಣ್ಣಪ್ಪನವರು ಒಂದು ಕಡೆ, ನಡುವೆ ಮುದ್ದಿ, ಹಿಂದೆ ಗಾಯಕವೃಂದ. ಸಂತ ಸೆಬಾಸ್ತಿಯನ್ನರ ಸಭೆ ತನ್ನ ಕಾಣಿಕೆಯನ್ನು ನಗುನಗುತ್ತ ದಿಣ್ಣೆಯ ಕೆಳಗಿನ ಮನೆಯವರೆಗೆ ತಳ್ಳಿಕೊಂಡು ಹೊರಟಿತು. ಬೊಳ್ಳಪ್ಪನು ಮುಂದೆ ಓಡುತ್ತ, ನಾಳೆ ಬೆಳಗ್ಗೆ ಇದೇ ಜನ ಲೈನಿನ ಹತ್ತಿರಕ್ಕೂ ಬರಬಹುದೇ ಎಂದು ವಿಚಾರಿಸುತ್ತಿದ್ದನು.

ಇನ್ನಾಸಪ್ಪನು ಸ್ಟಿಯರಿಂಗನ್ನು ಅಪ್ಪಿ ಹಿಡಿದು, ಪಕ್ಕದಲ್ಲಿ ಬಾಗಿಲನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದ ಹೆಂಡತಿಯ ಕಡೆಗೆ ಬಾಗಿದನು.

"ಅಲ್ವೇ, ಈಗ ಇದು ಯಾರ ಜೀಪು?"

"ತಳ್ಳುವವರೆಲ್ಲರದ್ದು" ಎಂದಳು ಆರೋಗ್ಯಮ್ಮ. "ನೀವು ಗೇರ್ ಹಾಕಿ."